ನನ್ನನ್ನು ಕೇಳದೆ ಬಿಚ್ಚಬಾರದು

ಭಾನುವಾರ, ಮಾರ್ಚ್ ಹದಿನಾರು
(ಕಂಪ್ಯೂಟರನ್ನು ಕೇಳಿದರೆ ಜನವರಿ ಒಂದು ಅನ್ನುತ್ತದೆ. ಅದರ ಮಾತು ನಂಬಬೇಡಿ.)

ರೀ,

ನಿಮ್ಮನ್ನು ಏನೆಂದು ಕರೆದು ಶುರುಮಾಡಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ‘ಪ್ರೀತಿಯ’ ಎಂದು ಬರೆದರೆ ನೀವು ನಗುತ್ತೀರಿ, ‘ಮಾನ್ಯರೇ’ ಎಂದರೆ ನನಗೇ ನಗು ಬರುತ್ತದೆ. ಕೊನೆಗೆ ಅಡುಗೆಮನೆಯಿಂದ ಕೂಗುತ್ತಿದ್ದ ಹಾಗೆಯೇ ಕೂಗಿಬಿಟ್ಟೆ. ಆರು ವರ್ಷದ ಮೇಲೆ ನನ್ನ ಅಕ್ಷರ, ಅದೂ ಇಷ್ಟು ದಪ್ಪದ ಲಕೋಟೆಯ ಮೇಲೆ ನೋಡಿ ಎದೆ ಧಸಕ್ಕೆಂದಿತೇನೋ. ಗಾಬರಿಯಾಗಬೇಡಿ, ವಕೀಲರ ನೋಟೀಸಲ್ಲ. ಕಂಪ್ಯೂಟರಿನ ವಿಷಯ.

ಹೌದು, ಅದೇ ಕಂಪ್ಯೂಟರು. ನೀವು ಬಿಡಿಭಾಗ ತಂದು ಊಟದ ಮೇಜಿನ ಮೇಲೆ ಜೋಡಿಸಿ, ಮೂರು ದಿನ ನಾವಿಬ್ಬರೂ ನೆಲದ ಮೇಲೆ ಕೂತು ಉಣ್ಣುವ ಹಾಗೆ ಮಾಡಿದ್ದು. ಅದಿನ್ನೂ ಇದೆ, ಇನ್ನೂ ನನಗೆ ಅನ್ನ ಹಾಕುತ್ತಿದೆ. ಪ್ರೆಸ್ಸಿನವರು ಶಾಲೆಯ ಪುಸ್ತಕಗಳ ಡಿಟಿಪಿ ಕೆಲಸವನ್ನು ಈಗಲೂ ಮನೆಗೇ ಕಳಿಸುತ್ತಾರೆ. ನನ್ನ ಹಳೆಯ ಪುಟಗಳೆಲ್ಲ ತೆರೆಯುವುದು ಅದರಲ್ಲಿ ಮಾತ್ರ. ಹೊಸದು ತೆಗೆದುಕೊಳ್ಳಿ ಎಂದು ಕಂಡವರೆಲ್ಲ ಹೇಳಿದರು. ಎಲ್ಲರಿಗೂ ಹೂಂ ಎಂದೆ, ಯಾರ ಮಾತೂ ಕೇಳಲಿಲ್ಲ. ನಿಮಗಿದು ಹೊಸ ಸುದ್ದಿಯೇನಲ್ಲ.

ಹೊರಗಿನ ರಿಪೇರಿಯನ್ನೆಲ್ಲ ನಾನೇ ಕಲಿತುಕೊಂಡೆ. ಆನ್ ಮಾಡುವ ಗುಂಡಿ ಒಳಗೆ ಕುಸಿದಿದೆ, ಪೆನ್ಸಿಲಿನ ಹಿಂಬದಿಯಿಂದ ಒತ್ತುತ್ತೇನೆ. ಕೀಬೋರ್ಡಿನಲ್ಲಿ ಒಂದು ಕೀ ಉದುರಿದಾಗ ನಾನೆಂದೂ ಮುಟ್ಟದ ಮೂಲೆಯ ಕೀ ಕಿತ್ತು ಅಲ್ಲಿ ಕೂರಿಸಿದೆ. ಮಾನಿಟರಿನ ಕೇಬಲ್ಲು ಸಡಿಲಾಗಿ ಪರದೆಗೆ ಕಾಮಾಲೆ ಬಂದಾಗ, ಕೇಬಲ್ಲಿನ ಕೆಳಗೆ ಬೆಂಕಿಪೊಟ್ಟಣ ಒತ್ತರಿಸಿ ವಾಸಿ ಮಾಡಿದೆ. ಒಳಗಿನ ಪುಟ್ಟ ಬ್ಯಾಟರಿ ಸತ್ತು ವರ್ಷದ ಮೇಲಾಯಿತು. ಅದಕ್ಕೇ ಕಂಪ್ಯೂಟರಿಗೆ ದಿನ ನೆನಪಿರುವುದಿಲ್ಲ, ಬೆಳಿಗ್ಗೆ ಎದ್ದು ನಾನೇ ತಾರೀಖು ತುಂಬಬೇಕು. ತುಂಬುವಾಗ ಬಾಯಿಬಿಟ್ಟು ಹೇಳುತ್ತೇನೆ, ‘ಇವತ್ತು ಮಂಗಳವಾರ ಕಣೋ’ ಎಂದು. ನನ್ನ ದಿನದ ಮೊದಲ ಮಾತು ಅದು. ಕೆಲವು ದಿನ ಅದೇ ಕೊನೆಯ ಮಾತೂ ಆಗಿರುತ್ತದೆ.

ಆದರೆ ಡಬ್ಬವನ್ನು ಮಾತ್ರ ಬಿಚ್ಚಿರಲಿಲ್ಲ. ಪಕ್ಕದ ತಗಡಿನ ಮೇಲೆ ನೀವು ಅಂಟಿಸಿದ ಬಿಳಿ ಟೇಪು ಹಾಗೆಯೇ ಇದೆ, ‘ನನ್ನನ್ನು ಕೇಳದೆ ಬಿಚ್ಚಬಾರದು’ ಎಂದು ನಿಮ್ಮ ಕಾಗೆಕಾಲು ಗುಬ್ಬಿಕಾಲು ಅಕ್ಷರದಲ್ಲಿ. ನಿಮ್ಮನ್ನು ಕೇಳುವ ಹಾಗಿರಲಿಲ್ಲ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಒಳಗಿನ ಫ್ಯಾನು ಗೊರಗೊರ ಅನ್ನಲು ಶುರುಮಾಡಿದಾಗಲೂ ಬಿಟ್ಟೆ. ನಿಜ ಹೇಳಲೇ? ಆ ಸದ್ದು ನನಗೆ ಬೇಕಾಗಿತ್ತು. ಕೆಲಸವಿಲ್ಲದ ದಿನವೂ ಹಾಕಿಟ್ಟು ಅಡುಗೆಮನೆಗೆ ಹೋಗುತ್ತಿದ್ದೆ. ಆಚೆ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಹೋದ ಮಂಗಳವಾರ ಪೆನ್ಸಿಲಿನಿಂದ ಒತ್ತಿದರೆ ಪರದೆ ಕಪ್ಪು. ಮೂರು ಸಲ ಬೀಪ್ ಎಂದು ಕೂಗಿತು, ಸುಮ್ಮನಾಯಿತು. ಮತ್ತೆ ಒತ್ತಿದೆ, ಮತ್ತೆ ಮೂರು. ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಅದು ಅಷ್ಟು ಜೋರು ಎಂದು ನನಗೆ ಗೊತ್ತೇ ಇರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಳೆಯ ಬಿಡಿಭಾಗಗಳ ಅಂಗಡಿ ಇದೆಯಲ್ಲ, ಈಗ ಅದನ್ನು ಮಾಲೀಕರ ಮಗಳು ನಡೆಸುತ್ತಾಳೆ. ಮೂಗುತಿಯಷ್ಟು ಚಿಕ್ಕ ಸ್ಕ್ರೂ ಕೇಳಿದರೂ ಡಬ್ಬಿಯಿಂದ ಹೆಕ್ಕಿ ಕೊಡುತ್ತಾಳೆಂದು ಎಲ್ಲರಿಗೂ ಅವಳು ‘ಸ್ಕ್ರೂ ಅಕ್ಕ’. ಅವಳಿಗೆ ರೋಗಿಯ ಲಕ್ಷಣ ಹೇಳಿದೆ. ‘ಮೂರು ಕೂಗಾ? ಹಾಗಾದ್ರೆ ರ‍್ಯಾಮ್. ಅದೇ, ಮೆಮೊರಿ ಪಟ್ಟಿಗಳು. ಇಲ್ಲಿಗ್ಯಾಕೆ ಹೊತ್ಕೊಂಡ್ ಬರ್ತೀರಾ, ಮನೇಲೇ ಬಿಚ್ಚಿ. ಎರಡೂ ಪಟ್ಟಿ ಹೊರಗೆ ತೆಗೀರಿ, ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಉಜ್ಜಿ, ವಾಪಸ್ ಒತ್ತಿ. ಎರಡೂ ಕಡೆ ಟಕ್ ಅನ್ನಬೇಕು’ ಎಂದಳು.

ನಾನು ನಕ್ಕೆ. ‘ಎರಡೆಲ್ಲಿಂದ ಬರಬೇಕು ತಾಯಿ? ಇರೋದು ಒಂದೇ. ಇನ್ನೊಂದನ್ನ ನಮ್ಮನೆಯವರು ಕಿತ್ಕೊಂಡು ಹೋದ್ರು’ ಎಂದೆ. ಆರು ವರ್ಷದಿಂದ ಅದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ, ನಗು ಎಲ್ಲಿ ಬರಬೇಕೆಂದು ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ. ಅವಳೂ ನಕ್ಕಳು. ‘ಎಂಥಾ ಗಂಡಸಪ್ಪಾ’ ಎಂದಳು.

ಮನೆಗೆ ಬಂದು ಟೇಪಿಗೆ ಒಂದು ನಮಸ್ಕಾರ ಹಾಕಿ ತಗಡು ಬಿಚ್ಚಿದೆ. ಒಳಗೆ ದಿಂಬು ತುಂಬುವಷ್ಟು ಧೂಳು. ಬಣ್ಣ ಬಳಿಯುವ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದೆ. ಗುಡಿಸುತ್ತಾ ಹೋದ ಹಾಗೆ ಒಂದು ಹಸಿರು ಪಟ್ಟಿ ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು.

ಎರಡು, ರೀ. ಎರಡೂ ಅಲ್ಲೇ ಇದ್ದವು. ಒಂದು ನೆಟ್ಟಗೆ ಕೂತಿತ್ತು. ಇನ್ನೊಂದರ ಒಂದು ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು, ಆ ಬದಿಯ ಕ್ಲಿಪ್ಪು ಬಾಯಿ ಬಿಟ್ಟುಕೊಂಡಿತ್ತು. ಸ್ಕ್ರೂ ಅಕ್ಕ ಹೇಳಿದ ಹಾಗೆ ಎರಡನ್ನೂ ತೆಗೆದು, ಉಜ್ಜಿ, ಒತ್ತಿದೆ. ಎರಡೂ ಕಡೆ ಟಕ್ ಅಂದಿತು. ಆನ್ ಮಾಡಿದರೆ, ನೀವು ಹೋದ ಮರುದಿನದಿಂದ ಅರ್ಧಕ್ಕೆ ನಿಂತಿದ್ದ ಮೆಮೊರಿ ಲೆಕ್ಕ ಪರದೆಯ ಮೇಲೆ ಪೂರ್ತಿ ತೋರಿಸಿತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತಿದ್ದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

ನೀವು ಮನೆ ಬಿಟ್ಟ ಆ ಭಾನುವಾರ ನಿಮಗೂ ಮರೆತಿರಲಾರದು. ಮರುದಿನ ನಾನು ಪ್ರೆಸ್ಸಿಗೆ ಪುಟ ಕೊಡಬೇಕಿತ್ತು. ನೀವು ನೋಡಿದರೆ ಕಂಪ್ಯೂಟರಿನ ಹೊಟ್ಟೆ ಬಗೆದು ಪೇಪರಿನ ಮೇಲೆ ಹರಡಿಕೊಂಡು ಕೂತಿದ್ದಿರಿ. ನಿಮ್ಮ ಜೊತೆ ಲಿಫ್ಟ್ ರಿಪೇರಿ ಮಾಡುವವರು ಕಾಫಿಗೆ ಬಂದಿದ್ದರು. ಅವರೆದುರು ನಾನು ಅಂದೆ, ‘ಇವರಿಗೆ ಬಿಚ್ಚೋಕಷ್ಟೇ ಬರೋದು, ಜೋಡಿಸೋಕೆ ಬರಲ್ಲ. ಅದು ಹೇಗೆ ಇವರನ್ನ ನಂಬಿ ಜನ ಲಿಫ್ಟ್ ಹತ್ತುತಾರೋ’ ಎಂದು. ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ನೀವು ನೋಡಲಿಲ್ಲ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಒತ್ತಿ ತಗಡು ಮುಚ್ಚಿದಿರಿ. ಅವರು ಹೋದ ಮೇಲೆ ಬಟ್ಟೆ ತುಂಬಿಕೊಂಡು ಹೊರಟಿರಿ. ‘ನಿಮ್ಮ ಪಾಲು ಏನಿದೆಯೋ ಎಲ್ಲ ತಗೊಂಡು ಹೋಗಿ’ ಎಂದು ಬಾಗಿಲಲ್ಲಿ ಕೂಗಿದೆ. ‘ತಗೊಂಡಾಯ್ತು’ ಎಂದಿರಿ.

ಬೆಳಿಗ್ಗೆ ನೋಡಿದರೆ ಕಂಪ್ಯೂಟರು ಎತ್ತಿನ ಗಾಡಿಯಾಗಿತ್ತು. ಅರ್ಧ ಲೆಕ್ಕ. ಪಾಲು ಎಂದರೆ ಇದೇ ಎಂದು ತೀರ್ಮಾನಿಸಿಬಿಟ್ಟೆ. ಬಿಚ್ಚಿ ನೋಡಬೇಕು ಅಂತಲೂ ಅನ್ನಿಸಲಿಲ್ಲ. ಮೂರನೆಯ ದಿನ ನಿಮ್ಮ ಅಕ್ಕನಿಗೆ ಫೋನ್ ಮಾಡಿ, ‘ನಿಮ್ಮ ತಮ್ಮ ಕಳ್ಳ’ ಎಂದೆ. ಅದಕ್ಕೂ ಮೊದಲು ನೀವು ಎಷ್ಟೋ ಸಲ ಮುನಿಸಿಕೊಂಡು ಅಕ್ಕನ ಮನೆಗೆ ಹೋಗಿದ್ದಿರಿ, ಪ್ರತಿಸಲವೂ ವಾರದೊಳಗೆ ಬಂದಿದ್ದಿರಿ. ಈ ಸಲವೂ ಬರುತ್ತಿದ್ದಿರಿ. ಬಾರದ ಹಾಗೆ ಮಾಡಿದ್ದು ಆ ಒಂದು ಮಾತು.

ಬುಧವಾರ ಅಕ್ಕನಿಗೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, ‘ನೀನು ತಗೊಂಡಿಲ್ಲ ಅಂತ ಅವಳಿಗೊಂದು ಮಾತು ಹೇಳೋ ಅಂತ ಆವತ್ತೇ ಬಡ್ಕೊಂಡೆ ಕಣಮ್ಮ. ಅದಕ್ಕೆ ಅವನು, ಹೇಳಿದ್ರೆ ಅವಳು ನಂಬ್ತಾಳೆ ಅಕ್ಕಾ, ಆದ್ರೆ ನಾನು ಕದಿಯೋನು ಅಂತ ಅವಳಿಗೆ ಅನ್ನಿಸ್ತಲ್ಲ, ಅದು ಹೋಗಲ್ಲ ಅಂದ’ ಎಂದರು. ನಾಲ್ಕು ದಿನವಾಯಿತು, ಆ ಮಾತು ಕಿವಿ ಬಿಟ್ಟು ಹೋಗಿಲ್ಲ. ಕೋಪವೂ ಬರುತ್ತದೆ. ನೀವಾದರೂ ಬಂದು ನನ್ನ ಕೆನ್ನೆಗೆ ತಿವಿದ ಹಾಗೆ ‘ಬಿಚ್ಚಿ ನೋಡೇ’ ಅನ್ನಬಾರದಿತ್ತೇ? ಬಾಯಿ ಸತ್ತವರು ನೀವು, ಬಾಯಿಬಡುಕಿ ನಾನು. ಒಳ್ಳೆ ಜೋಡಿ.

ತಪ್ಪು ನನ್ನದು. ಇದನ್ನು ಫೋನಿನಲ್ಲಿ ಹೇಳಲು ಹೋದರೆ ಎರಡನೇ ವಾಕ್ಯಕ್ಕೆ ನಿಮ್ಮ ತಪ್ಪು ಹುಡುಕಿರುತ್ತೇನೆ, ಅದಕ್ಕೇ ಕಾಗದ. ಕದ್ದಿರಿ ಎಂದು ಯಾರ ಯಾರ ಹತ್ತಿರ ಹೇಳಿದ್ದೆನೋ ಅವರಿಗೆಲ್ಲ ಒಬ್ಬೊಬ್ಬರಾಗಿ ನಿಜ ಹೇಳುತ್ತಿದ್ದೇನೆ. ಸ್ಕ್ರೂ ಅಕ್ಕನಿಂದಲೇ ಶುರುಮಾಡಿದೆ. ಈ ಸಲ ಅವಳು ನಗಲಿಲ್ಲ.

ವಿಳಾಸ ಕೊಟ್ಟಿದ್ದೂ ನಿಮ್ಮ ಅಕ್ಕನೇ. ಎರಡು ಬಸ್ಸು ಬದಲಿಸಬೇಕಂತೆ. ಅಲ್ಲಿ ನಿಮ್ಮ ಜೊತೆ ಯಾರಿದ್ದಾರೆ ಎಂದು ನಾನು ಕೇಳಲಿಲ್ಲ. ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ, ಕೇಳಿದೆ. ‘ಯಾರಿದಾರಮ್ಮ ಅವನಿಗೆ, ಒಂದು ಸ್ಟೌ, ಒಂದು ಚಾಪೆ’ ಅಂದರು. ಕೇಳಿ ಬೇಜಾರಾಯಿತು. ಒಂಚೂರು ಸಮಾಧಾನವೂ ಆಯಿತು, ಬೈದುಕೊಳ್ಳಿ.

ಫ್ಯಾನಿಗೂ ಒಂದು ತೊಟ್ಟು ಎಣ್ಣೆ ಬಿಟ್ಟೆ. ಈಗ ಸದ್ದೇ ಇಲ್ಲ. ಮನೆ ತುಂಬ ಖಾಲಿ ಅನ್ನಿಸುತ್ತಿದೆ, ರೀ. ನೀವು ಬಂದರೆ ಬಾಗಿಲು ತೆರೆಯುತ್ತೇನೆ. ಬಾರದಿದ್ದರೆ ಕೇಳುವ ಹಕ್ಕು ನನಗಿಲ್ಲ. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಇಂತಿ,
ಇವಳು

ಮರೆತ ಮಾತು: ಲಕೋಟೆ ದಪ್ಪಗಿರುವುದು ನನ್ನ ಪುರಾಣದಿಂದಲ್ಲ. ತಳದಲ್ಲಿ ಬೂದುಬಣ್ಣದ ಚಿಕ್ಕ ಚೀಲವಿದೆ, ನೋಡಿ. ಸ್ಕ್ರೂ ಅಕ್ಕ ಕೊಟ್ಟಿದ್ದು. ಅದರೊಳಗೆ ಆ ಎರಡನೆಯ ಪಟ್ಟಿ ಇದೆ. ನಾಲ್ಕು ದಿನ ಚೆನ್ನಾಗಿ ಕೆಲಸ ಮಾಡಿತು, ಇವತ್ತು ಬೆಳಿಗ್ಗೆ ನಾನೇ ಬಿಚ್ಚಿ ತೆಗೆದೆ. ಆರು ವರ್ಷ ಅದು ನಿಮ್ಮ ಹತ್ತಿರ ಇದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ಈಗ ನಿಜವಾಗಿಯೂ ನಿಮ್ಮ ಹತ್ತಿರ ಇದೆ. ಅದಿಲ್ಲದೆ ಇಲ್ಲಿ ಕೆಲಸ ಮತ್ತೆ ಎತ್ತಿನ ಗಾಡಿ. ದಯವಿಟ್ಟು ಪೋಸ್ಟಿನಲ್ಲಿ ಮಾತ್ರ ವಾಪಸ್ ಕಳಿಸಬೇಡಿ, ದಾರಿಯಲ್ಲಿ ಮುರಿದುಹೋದೀತು.