ಹಾಲಿನ ಕ್ಯಾನು ಹಿಡಿಸದ ದಾರಿ

ಚಿಕ್ಕಪ್ಪ,

ನೀನು ಇದ್ದಿದ್ದರೆ ಇದನ್ನು ನಿನ್ನೆದುರು ನಿಂತು ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಕಾಗದವಾದರೆ ಹೇಗೂ ತಲೆ ತಗ್ಗಿಸಿಯೇ ಬರೆಯಬೇಕು.

ನಮ್ಮೂರು ಕೈಲಾಂಚದಿಂದ ರಾಮನಗರದ ಸ್ಕೂಲಿಗೆ ನನ್ನನ್ನು ಸೈಕಲ್ಲಿನಲ್ಲಿ ಕರೆತರುತ್ತಿದ್ದ ಬೆಳಗುಗಳು ನೆನಪಿವೆಯೇ? ಮುಂದಿನ ಕಂಬಿಯ ಮೇಲೆ ನಾನು, ಹಿಂದೆ ಕ್ಯಾರಿಯರಿನ ಎರಡೂ ಪಕ್ಕ ಹೋಟೆಲುಗಳಿಗೆ ಹಾಕುವ ಹಾಲಿನ ಕ್ಯಾನು. ಸಂದಿಯಲ್ಲಿ ಜನ ಅಡ್ಡ ಬಂದರೆ "ಕ್ಯಾನ್ ಐತೆ, ಒಸಿ ಜರುಗ್ರಪ್ಪ" ಎನ್ನುತ್ತಿದ್ದೆ ನೀನು. ಬೆಲ್ ಕೆಟ್ಟು ಎಷ್ಟು ವರ್ಷವಾಗಿತ್ತೋ.

ನನ್ನ ಪಿಎಚ್.ಡಿ. ಮುಗಿದಾಗ "ಏನ್ ಕಂಡುಹಿಡ್ದೆ ಕೂಸೆ?" ಎಂದು ಕೇಳಿದ್ದೆಯಲ್ಲ. ಹತ್ತಿರದ ದಾರಿಯನ್ನು ಕಂಪ್ಯೂಟರಿನಿಂದ ಹುಡುಕಿಸುವುದು ಎಂದೆ. "ಕೇಳುದ್ರೆ ಯಾರಾದ್ರೂ ಹೇಳ್ತಾರಲ್ಲ" ಎಂದು ನೀನು ನಕ್ಕಿದ್ದೆ. ಆಮೇಲೆ ಕಾಲೇಜಿನಲ್ಲಿ ಪಾಠ, ಸಂಶೋಧನೆ, ಮ್ಯಾಪ್ ಮಾಡುವ ಕಂಪನಿಯಲ್ಲಿ ಕೆಲಸ. ಕಾರುಗಳಿಗೆ ದಾರಿ ತೋರಿಸಿ ತೋರಿಸಿ ಬೇಸರ ಬಂದು, ಸೈಕಲ್ಲಿನವರಿಗೂ ಜಾಗ ಕೊಡಿ ಎಂದು ಕಚೇರಿಗಳನ್ನು ಸುತ್ತತೊಡಗಿದ್ದು ನೀನು ಹೋದ ಮೇಲೆ. ಎಲ್ಲ ಭಾಷಣವನ್ನೂ ನಿನ್ನ ಸೈಕಲ್ಲಿನ ಕಥೆಯಿಂದಲೇ ಶುರು ಮಾಡುತ್ತಿದ್ದೆ. ಈಗ ಚುಚ್ಚುವುದೂ ಅದೇ.

ಈ ವರ್ಷ ರಾಮನಗರದಲ್ಲಿ ಸೈಕಲ್ಲಿಗೆಂದೇ ಒಂದು ದಾರಿಯಾಯಿತು. ನಕ್ಷೆ ನನ್ನದು. ಸವಾರರ ಫೋನುಗಳಿಂದ ಬಂದ ಮಾಹಿತಿ ಕೂಡಿಸಿ ಮಾಡಿದ್ದು. ಪರದೆಯ ಮೇಲೆ ಪ್ರತಿ ಸೈಕಲ್ಲೂ ಒಂದು ಚುಕ್ಕಿ, ಚುಕ್ಕಿಗೆ ಅಗಲವೆಲ್ಲಿದೆ? ಆಟೋ, ಸ್ಕೂಟರ್ ನುಗ್ಗದಿರಲೆಂದು ದಾರಿಯ ಬಾಯಿಗೆ ಕಬ್ಬಿಣದ ಗೂಟ ನೆಡಿಸಿದೆ. ಗೂಟಗಳ ನಡುವೆ ಹ್ಯಾಂಡಲ್ ಹಿಡಿಸಿದರೆ ಸಾಕೆಂದು ಅಳತೆ ಕೊಟ್ಟವಳೂ ನಾನೇ. ಆ ಕ್ಯಾನುಗಳ ಮುಂದೆ ಕೂತು ಬೆಳೆದವಳು...

ಈ ದಾರಿಗಾಗಿ ನನಗೆ ಸನ್ಮಾನವಿದ್ದ ದಿನ ಬೆಳಿಗ್ಗೆ ಬೇಗ ಅಲ್ಲಿಗೆ ಹೋಗಿದ್ದೆ. ನಿನ್ನ ಮಗ ಮಹದೇವ ಗೂಟದ ಮುಂದೆ ಸೈಕಲ್ ನಿಲ್ಲಿಸಿ, ಒಂದು ಕ್ಯಾನು ಬಿಚ್ಚಿ ಆಚೆ ಇಟ್ಟ. ಬಂದು ಇನ್ನೊಂದನ್ನು ಒಯ್ದ. ಆಮೇಲೆ ಸೈಕಲ್ ತಳ್ಳಿಕೊಂಡು ಹೋಗಿ ಮತ್ತೆ ಎರಡನ್ನೂ ಕಟ್ಟಿದ. ದಾರಿ ಶುರುವಾದಾಗಿನಿಂದ ದಿನವೂ ಹೀಗೇ ಅಂತೆ.

"ಪಕ್ಕದ ರೋಡಲ್ಲಿ ಹೋಗ್ಬಾರ್ದಾ?" ಎಂದೆ.

"ಅಕ್ಕ ಮಾಡ್ಸಿರೋ ದಾರೀಲಿ ನಾವೇ ಹೋಗ್ದಿದ್ರೆ ನೋಡ್ದೋರು ಏನಂದ್ಕಂಡಾರು?"

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಬೇಜಾರಾಯ್ತದೆ ಅಂತ. ಬುಡಕ್ಕ, ಅಭ್ಯಾಸ ಆಗ್ಬುಟ್ಟೈತೆ."

ಅಲ್ಲಿಂದ ವೇದಿಕೆಗೆ ಹೋದೆ, ಚಿಕ್ಕಪ್ಪ. ಹೇಳಬಹುದಿತ್ತು. ಹೇಳಲಿಲ್ಲ. ಯಥಾಪ್ರಕಾರ ನಿನ್ನ ಕಥೆ ಹೇಳಿದೆ, ಜನ ಚಪ್ಪಾಳೆ ತಟ್ಟಿದರು. ಹೋಟೆಲಿಗೆ ಹಾಲು ಹಾಕಿ ಬಂದು ಹಿಂದೆ ನಿಂತಿದ್ದ ಮಹದೇವನೂ ಖಾಲಿ ಕ್ಯಾನುಗಳನ್ನು ಕೆಳಗಿಟ್ಟು ತಟ್ಟಿದ. ಶಾಲು ಹೊದ್ದು ನಿಂತ ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಇಷ್ಟೆಲ್ಲ ಓದಿ ನಾನು ಕಲಿತದ್ದಾದರೂ ಏನು?

ಗೂಟ ಕೀಳಿಸಿ ಎಂದು ಕೇಳಲು ನಗರಸಭೆಗೆ ಹೋದಾಗ, "ನೀವೇ ಹಾಕ್ಸಿದ್ದಲ್ವಾ ಮೇಡಂ?" ಎಂದರು ಇಂಜಿನಿಯರ್. ಹೌದು, ತಪ್ಪು ನನ್ನದೇ ಎಂದು ಅಲ್ಲಿದ್ದವರೆಲ್ಲರ ಮುಂದೆ ಹೇಳಿದೆ. ಮುಂದಿನ ಭಾಷಣ ಶುರುವಾಗುವುದೂ ಆ ಮಾತಿನಿಂದಲೇ. ನಿನ್ನೆ ಗೂಟ ಕಿತ್ತರು.

ಈ ಬೆಳಿಗ್ಗೆ ಮಹದೇವನ ಹಿಂದೆ ನಾನೂ ಸೈಕಲ್ಲಿನಲ್ಲಿ ಹೊರಟೆ. ಗೂಟ ಇದ್ದ ಜಾಗ ಬಂದಾಗ ಅವನು ಎಂದಿನಂತೆ ಇಳಿದು ಕ್ಯಾನಿನ ಹಗ್ಗಕ್ಕೆ ಕೈ ಹಾಕಿದ.

"ಗೂಟ ಇಲ್ಲ ಕಣೋ, ಹತ್ತು" ಎಂದೆ.

ಅವನು ನಕ್ಕ. ನನಗೆ ನಗಲಾಗಲಿಲ್ಲ, ಚಿಕ್ಕಪ್ಪ.