ನಾಲ್ಕನೇ ಕಾಲು

ಅಮ್ಮಾ,

ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದು ಬರುತ್ತಿಲ್ಲ. ಅಡುಗೆಮನೆಯಲ್ಲಿ ಅಪ್ಪ ಮಾಡಿದ ಸ್ಟೂಲ್ ಇದೆಯಲ್ಲ, ಅದನ್ನು ಮಗುಚಿ ಹಾಕಿ ಕಾಲುಗಳ ಅಡಿಯ ಫೋಟೊ ಕಳಿಸು. ತಮ್ಮನಿಗೆ ಈಗಲೇ ಏನೂ ಹೇಳಬೇಡ.

ನಿನ್ನೆ ನಮ್ಮ ಪುರಾತನ ವಸ್ತುಗಳ ಅಂಗಡಿಗೆ ಒಂದು ಹಳೇ ಮಂಚ ಬಂತು. ಇನ್ನೂರು ವರ್ಷದ್ದು, ಅರಮನೆಯದು ಎಂದು ಯಜಮಾನರು ಕುಣಿಯುತ್ತಿದ್ದಾರೆ. "ಮಾಡಿದೋರು ಯಾರು, ಎಲ್ಲಿಯದು, ನೋಡಿ ಬರೆದುಕೊಡಮ್ಮ" ಎಂದರು. ಟಾರ್ಚ್ ಹಿಡಿದು ಮಂಚದಡಿ ನುಸುಳಿದೆ. ಮೂರು ಕಾಲು ಸರಿಯಾಗಿವೆ. ನಾಲ್ಕನೆಯದು ಒಂದಿಷ್ಟು ಗಿಡ್ಡ. ಅದರಡಿ ಹಳೇ ಚಪ್ಪಲಿಯ ತೊಗಲನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ ಅಂಟಿಸಿದೆ. "ನಾಲ್ಕನೇ ಕಾಲಿಗೆ ಬರೋ ಹೊತ್ತಿಗೆ ನಿಮಗೆ ಎಲ್ಲಿಲ್ಲದ ಅವಸರ!" ಎಂದು ನೀನು ಅಪ್ಪನನ್ನು ಬೈಯುತ್ತಿದ್ದುದು ಕಿವಿಯಲ್ಲೇ ಕೇಳಿಸಿತು. ಹಳೇ ಮಂಚಕ್ಕೆ ಅಪ್ಪ ಬರೀ ರಿಪೇರಿ ಮಾಡಿರಬಹುದೆಂದು ಮತ್ತೆ ನೋಡಿದೆ. ಉಳಿಯ ಗುರುತೆಲ್ಲ ಅಪ್ಪನ ಹಾಗೆ ಎಡಗೈಯದೇ. ಹೊಸ ಮರಕ್ಕೆ ಹೊಗೆ ಹಾಕಿ ಹಳೆಯದು ಮಾಡಿದ್ದಾರೆ.

ನಿಜ ಬರೆದರೆ ಪೊಲೀಸರು ಅಪ್ಪನ ಬಾಗಿಲು ತಟ್ಟುತ್ತಾರೆ. ಬರೆಯದಿದ್ದರೆ ಕೊಳ್ಳುವವರಿಗೆ ಮೋಸ. ಬೆಳಗಿನಿಂದ ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು, ಇಷ್ಟೇ ಆಗಿದೆ.

ಮನೆ ಬಿಟ್ಟು ಹೋದ ಅಪ್ಪ ಬದುಕಿದ್ದರೆ ಒಂದು ಮಾತಾದರೂ ಹೇಳಿ ಕಳಿಸುತ್ತಿದ್ದರು ಎಂದು ನೀನು ಎಂದೋ ಆಸೆ ಬಿಟ್ಟೆ. ನಾವೂ ಅವರ ಸುದ್ದಿ ಎತ್ತಲಿಲ್ಲ. ಮಂಚ ತಂದ ವ್ಯಾಪಾರಿಯ ವಿಳಾಸ ಕೇಳಿಟ್ಟುಕೊಂಡಿದ್ದೇನೆ. ನೀನು ಹೂಂ ಎಂದರೆ ಹೋಗುತ್ತೇನೆ.

ಸುಮ್ಮನೆ ಆಸೆ ಹುಟ್ಟಿಸುತ್ತಿಲ್ಲ, ಅಮ್ಮ. ಆ ತೊಗಲನ್ನು ಬೆರಳಿನಿಂದ ಒತ್ತಿ ನೋಡಿದೆ. ಅಂಟು ಇನ್ನೂ ಪೂರ್ತಿ ಒಣಗಿಲ್ಲ.

ನಿನ್ನ
ದೊಡ್ಡ ಮಗಳು