ಓಡುನಡಿಗೆ ಎಂಬ ಪದದ ಅರ್ಥ

ಜುಲೈ 8, ಸೋಮವಾರ. ಬೆಳಿಗ್ಗೆ ಆರೂವರೆ

ಕಾಫಿ ಆಯಿತು. ಕೋಳಿಗಳಿಗೆ ಕಾಳು ಆಯಿತು. ಮತ್ತೆ ಅದೇ ಹಾಳು ಕೈಪಿಡಿ. ಕುದುರೆ ನಡಿಗೆಗಳ ಪದಗಳಿಗೆ ಅರ್ಥ ಬರೆದುಕೊಡಬೇಕಂತೆ ಕುದುರೆ ಕ್ಲಬ್ಬಿಗೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ತಪ್ಪಿಗೆ ಟೆನೆಸ್ಸಿಯ ಈ ಮೂಲೆಯ ಬರವಣಿಗೆಯೆಲ್ಲ ನನ್ನ ತಲೆಗೆ.

ಓಡುನಡಿಗೆ ಒಂದು ಉಳಿದಿತ್ತು. ಬರೆದೆ — ‘ನಡಿಗೆಯೇ, ಆದರೆ ಓಟದ ವೇಗ. ನಾಲ್ಕು ಕಾಲಿಗೆ ನಾಲ್ಕು ಸದ್ದು. ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳುತ್ತದೆ. ಹೆಜ್ಜೆಗೊಮ್ಮೆ ತಲೆ ತೂಗುತ್ತದೆ. ಹುಟ್ಟಿನಿಂದ ಬರುವಂಥದು.’

ಜೂನಿಪರ್‌ಳನ್ನು ನೆನೆಸಿಕೊಂಡೇ ಬರೆದದ್ದು. ತಾಯಿ ಸತ್ತ ಕುದುರೆಮರಿ, ಬಾಟಲಿ ಹಾಲು ಕುಡಿಸಿ ಸಾಕಿದೆ. ಮೂರನೇ ದಿನಕ್ಕೇ ತಲೆ ತೂಗಿಕೊಂಡು ನಡೆದಳು. ಮಾರ್ಚಿನಿಂದ ತಮ್ಮ ಡಾಲ್ಟನ್ ಹತ್ತಿರ ಇದ್ದಾಳೆ, ಆಗಸ್ಟ್ ಕೊನೆಯ ಕುದುರೆ ಷೋಗೆ ತಯಾರಿ. ಹಿತ್ತಲು ಬಿಕೋ ಎನ್ನುತ್ತದೆ.

ಜುಲೈ 11

ಕ್ಲಬ್ಬಿನ ಕಾರ್ಯದರ್ಶಿ ಪಕೆಟ್ ಫೋನು ಮಾಡಿದ.

“ಮಿಸ್ ಓರ್ಲೀನ್, ಭಾಳ ಚೆನ್ನಾಗಿ ಬರ್ದಿದೀರ. ಒಂದೇ ಒಂದು ಸಾಲು ಸೇರಿಸ್ಬಿಡಿ. ‘ಮುಂಗಾಲನ್ನು ಎದೆಮಟ್ಟ ಎತ್ತುವುದೇ ಇದರ ಲಕ್ಷಣ’ ಅಂತ.”

“ಅದು ಓಡುನಡಿಗೆ ಅಲ್ವಲ್ಲ, ಪಕೆಟ್.”

“ಈಗಿನವ್ರು ಅದಕ್ಕೇ ಹಾಗಂತಾರೆ. ಪದ ಬದಲಾಗ್ತಾ ಇರುತ್ತಲ್ವಾ? ನೀವೇ ಟೀಚರು, ನಿಮಗೆ ನಾನು ಹೇಳೋದಾ.”

ಆಗಲ್ಲ ಎಂದು ಫೋನಿಟ್ಟೆ. ಮೈಯೆಲ್ಲ ಉರಿ. ಕುದುರೆ ಅಷ್ಟೆತ್ತರ ಕಾಲೆತ್ತುವುದು ಯಾಕೆಂದು ಊರಿಗೆಲ್ಲ ಗೊತ್ತು. ಮುಂಗಾಲಿಗೆ ಸುಡುವ ಎಣ್ಣೆ ಹಚ್ಚುತ್ತಾರೆ, ಹುಣ್ಣಿನ ಮೇಲೆ ಸರಪಳಿ ಕಟ್ಟುತ್ತಾರೆ. ನೆಲ ಮುಟ್ಟಿದರೆ ನೋವು, ಅದಕ್ಕೇ ಎತ್ತುತ್ತದೆ. ಗ್ಯಾಲರಿಯಲ್ಲಿ ಚಪ್ಪಾಳೆ. ಗೊತ್ತಿದ್ದೂ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿಲ್ಲ. ಡಾಲ್ಟನ್ ಅಂಥವನಲ್ಲ ಎಂದುಕೊಂಡು...

ಜುಲೈ 20, ಶನಿವಾರ

ಪೀಚ್ ಪೈ ಮಾಡಿಕೊಂಡು ಡಾಲ್ಟನ್ ಲಾಯಕ್ಕೆ ಹೋದೆ. ಹೇಳದೆ ಹೋದೆ.

ಜೂನಿಪರ್ ಮುಂಗಾಲುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದೆ, ಮಿಕ್ಕ ಊಟ ಫ್ರಿಜ್ಜಿಗೆ ಇಡುವ ಹಾಗೆ. ಬಿಚ್ಚಿದೆ. ಡೀಸೆಲ್ ವಾಸನೆ, ಸಾಸಿವೆ ಎಣ್ಣೆ ವಾಸನೆ. ಕೀವು. ಚರ್ಮ ಹಾಳೆಯ ಜೊತೆಗೇ ಬಂತು.

“ಏನೋ ಇದು?”

“ಔಷಧಿ ಅಕ್ಕಾ.”

“ಹುಣ್ಣಿಗೆ ಔಷಧಿನೋ, ಹುಣ್ಣಾಗೋಕೆ ಔಷಧಿನೋ?”

“ನೋಡು, ಜನ ಬರೋದು ಕುದುರೆ ಹಾರೋದು ನೋಡೋಕೆ. ಬರೀ ನಡಿಗೆ ನೋಡ್ಬೇಕು ಅಂದ್ರೆ ಅಂಚೆಯವನ ಹಿಂದೆ ಹೋಗ್ತಿದ್ರು.”

“ಈ ಹಾರಾಟಕ್ಕೆ ಏನಂತೀಯ?”

“ಓಡುನಡಿಗೆ. ಇನ್ನೇನಂತಾರೆ?”

ಮುಖ ನೋಡಿಕೊಂಡೇ ಅಂದ. ತಾತನ ಕುದುರೆಯ ಮೇಲೆ ಹಿಂದೆ ಮುಂದೆ ಕೂತು ಇಬ್ಬರೂ ಒಟ್ಟಿಗೆ ಕಲಿತ ಮಾತು ಅದು. ಹೊರಗೆ ಬಂದು ಗಾಡಿ ಹತ್ತಿದೆ. ಪೈ ಅಲ್ಲೇ ಉಳಿಯಿತು. ತಿಂದಿರುತ್ತಾನೆ.

ಆಗಸ್ಟ್ 6

ಹದಿನೇಳು ದಿನ ಬರೆದಿಲ್ಲ. ಯಾವ ಮುಖ ಇಟ್ಟುಕೊಂಡು ಬರೆಯಲಿ? ಕುದುರೆಯ ಕಾಗದಪತ್ರ ನನ್ನ ಹೆಸರಲ್ಲೇ ಇದೆ, ಅವತ್ತೇ ಕರೆತರಬಹುದಿತ್ತು. ತಮ್ಮ ಅಂತ, ಚರ್ಚಿನಲ್ಲಿ ಒಂದೇ ಬೆಂಚು ಅಂತ, ಬಾಯಿ ಮುಚ್ಚಿಕೊಂಡು ಬಂದೆ. ಅವನನ್ನು ಕಂಡರೆ ಹೇಸಿಗೆ. ನನ್ನನ್ನು ಕಂಡರೆ ಇನ್ನೂ ಹೇಸಿಗೆ.

ಇವತ್ತು ಅಂಚೆಯಲ್ಲಿ ಕೈಪಿಡಿ ಬಂತು. ಪಕೆಟ್‌ನ ಸಾಲು ಸೇರಿದೆ. ‘ಹುಟ್ಟಿನಿಂದ ಬರುವಂಥದು’ ತೆಗೆದಿದ್ದಾರೆ. ಕೆಳಗೆ ನನ್ನ ಹೆಸರು, ದಪ್ಪಕ್ಷರದಲ್ಲಿ. ಥೂ.

ಮಧ್ಯಾಹ್ನ 3

ಗಾಡಿಗೆ ಕುದುರೆ ಸಾಗಿಸುವ ಟ್ರೈಲರ್ ಸಿಕ್ಕಿಸಿಕೊಂಡು ಹೋದೆ. ಡಾಲ್ಟನ್ ಬಾಗಿಲಿಗೆ ಅಡ್ಡ ನಿಂತ.

“ಷೋಗೆ ಇನ್ನು ಮೂರೇ ವಾರ ಅಕ್ಕಾ. ಈಗ ಕರ್ಕೊಂಡ್ಹೋದ್ರೆ ಮತ್ತೆ ಈ ಕಡೆ ಬರ್ಬೇಡ.”

“ಕುದುರೆ ಬಿಚ್ಚು.”

ಬಿಚ್ಚಿದ. ಟ್ರೈಲರ್ ಹತ್ತಿಸಲು ಇಪ್ಪತ್ತು ನಿಮಿಷ. ಅವಳಿಗೆ ಕಾಲೂರಲು ಆಗುತ್ತಿರಲಿಲ್ಲ.

ಆಗಸ್ಟ್ 30

ಕಾಲು ಇನ್ನೂ ಎತ್ತರ ಏಳಲೆಂದು ಡಾಲ್ಟನ್ ಗೊರಸಿಗೆ ಬಡಿಸಿದ್ದ ಭಾರದ ಅಟ್ಟೆ ತೆಗೆಸಿ ಮೂರು ವಾರ. ಹುಣ್ಣು ಒಣಗಿದೆ. ಇನ್ನು ನೋವಿಲ್ಲ, ಹೊರಗೆ ಬಿಡಬಹುದು ಎಂದರು ಕುದುರೆ ಡಾಕ್ಟರು.

ಕೌಂಟಿ ಪತ್ರಿಕೆಗೆ ಫೋನು ಮಾಡಿದೆ. ಕೈಪಿಡಿಯಲ್ಲಿರುವ ಆ ಅರ್ಥ ನನ್ನದಲ್ಲ, ಸರಿಯಾದ್ದು ಬರೆದುಕೊಡುತ್ತೇನೆ, ಎಣ್ಣೆ ಸರಪಳಿ ಎಲ್ಲ ಸೇರಿಸಿ ಎಂದೆ. ತಮ್ಮನ ಹೆಸರೂ ಇರುತ್ತದೆ ಎಂದೆ. ಮಂಗಳವಾರದೊಳಗೆ ಕೊಡಿ ಎಂದರು. ಅವಳನ್ನು ನೋಡಿಕೊಂಡೇ ಬರೆಯೋಣ ಎಂದು ಹುಲ್ಲಿಗೆ ಬಿಟ್ಟೆ.

ಮುಂಗಾಲು ಎದೆಮಟ್ಟ ಎತ್ತಿದಳು.

ಸರಪಳಿ ಇಲ್ಲ, ಎಣ್ಣೆ ಇಲ್ಲ, ಕಾಲ ಕೆಳಗೆ ಮೆತ್ತನೆ ಹುಲ್ಲು. ಆದರೂ ಕಾದ ಕಾವಲಿಯ ಮೇಲೆ ಕಾಲಿಡುವವಳ ಹಾಗೆ ಹಿಂದಕ್ಕೆ ಕುಸಿದು ಕುಸಿದು... ಕರೆದೆ. ಹಾಗೇ ಬಂದಳು. ತಲೆ ತೂಗಲಿಲ್ಲ.

ಸೆಪ್ಟೆಂಬರ್ 3, ಮಂಗಳವಾರ. ಬೆಳಿಗ್ಗೆ

ಹತ್ತು ಗಂಟೆಗೆ ಪತ್ರಿಕೆಯವರು ಬರುತ್ತಾರೆ. ಐದು ದಿನದಿಂದ ಬೇಲಿಗೆ ಒರಗಿ ಕಾಯುತ್ತಿದ್ದೇನೆ. ಒಂದೇ ಒಂದು ಹೆಜ್ಜೆ ಮೊದಲಿನಂತೆ ಇಟ್ಟಿದ್ದರೆ ಸಾಕಿತ್ತು. ಇವತ್ತೂ ಅದೇ. ಆದರೂ ಬರೆಯುತ್ತೇನೆ.

ಓಡುನಡಿಗೆ — ಯಾರೂ ಕಲಿಸದೆ, ಯಾರ ಭಯವೂ ಇಲ್ಲದೆ, ಕುದುರೆ ತಾನಾಗಿಯೇ... ಬೇಲಿಯಾಚೆ ಇವಳು ಈಗ ಎದೆಮಟ್ಟ ಕಾಲೆತ್ತುವುದೂ ತಾನಾಗಿಯೇ.